ಮನೆಯ ಬಳಿಯ ಬಳ್ಳಾರಿ ಜಾಲಿ: ಕಾಯಿದೆಯೂ ಕೀಳುವ ಕ್ರಮವೂ

ಹಿಡಕಲ್ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಒಕ್ಕಲಿಗರಿಗೆ ಬಳ್ಳಾರಿ ಜಾಲಿಯ ಪರಿಚಯ ಹೇಳಬೇಕಾದುದಿಲ್ಲ. ಅಮೇರಿಕಾ ಖಂಡದ ಉಷ್ಣಪ್ರದೇಶದ ಈ ಗಿಡವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದುಸ್ಥಾನಕ್ಕೆ ತರಲ್ಪಟ್ಟಿತು. ಬರಡು ನೆಲದಲ್ಲಿ ಉರುವಲು ಕೊಟ್ಟುದು ನಿಜ. ಆದರೆ ಅತಿಥಿಯಾಗಿ ಬಂದುದು ಯಜಮಾನನಾಗಿ ಕುಳಿತಿರುವುದು.

ಮನೆಯ ಬಳಿ ಇದರ ಕೇಡು ಹೆಚ್ಚು. ಮುಳ್ಳು ಮಕ್ಕಳ ಅಂಗಾಲಿಗೂ ಎತ್ತುಗಳ ಗೊರಸಿಗೂ ನೆಡುತ್ತದೆ. ದಟ್ಟ ಪೊದೆಯಲ್ಲಿ ಹಾವುಗಳು ಸೇರುತ್ತವೆ. ಬಾವಿಯ ಕಟ್ಟಡದಲ್ಲಿ ಬೇರಿಳಿದರೆ ಕಲ್ಲು ಸಡಿಲಾಗುತ್ತವೆ. ಹಳ್ಳದಲ್ಲಿ ಬೆಳೆದರೆ ಕಸಕಡ್ಡಿ ತಡೆದು ನೀರಿನ ದಾರಿ ಕಟ್ಟುತ್ತದೆ. 2019ರ ಆಗಸ್ಟದಲ್ಲಿ ಘಟಪ್ರಭೆಯ ಮಹಾಪೂರವನ್ನು ಕಂಡ ಜನರು ಹಳ್ಳಗಳು ತೆರವಾಗಿರಬೇಕೆಂಬುದನ್ನು ಮರೆಯಲಾಗದು.

ಗಿಡ ಕಡಿದರೆ ದಂಡ ಬೀಳುವದೆಂದು ಅನೇಕರು ಹಿಂಜರಿಯುವರು. ಈ ಅಂಜಿಕೆ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕಡಿಯುವ ಅಪ್ಪಣೆಯಿಂದ ವಿನಾಯಿತಿ ಪಡೆದ ಜಾತಿಗಳಲ್ಲಿ ಬಳ್ಳಾರಿ ಜಾಲಿಯೂ ಸೇರಿದೆ. ಆದರೆ ಇದು ಸ್ವಂತ ಜಮೀನಿನ ಮಾತು. ಕಾಲುವೆಯ ದಂಡೆ, ರಸ್ತೆಯ ಬದಿ, ಗಾಯರಾಣಗಳಲ್ಲಿ ಆಯಾ ಇಲಾಖೆಯ ಅಥವಾ ಗ್ರಾಮ ಪಂಚಾಯತಿಯ ಒಪ್ಪಿಗೆ ಪಡೆಯತಕ್ಕದ್ದು. ನಮ್ಮ ನಾಡಿನ ಕರಿಜಾಲಿಯನ್ನು ಇದೆಂದು ತಿಳಿದು ಕಡಿಯಕೂಡದು. ಕರಿಜಾಲಿಯ ಹೂವು ಹಳದಿಯ ಗುಂಡು, ಕಾಯಿ ಮಣಿಸರದಂತೆ; ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆ, ಕಾಯಿ ನೀಳವಾಗಿ ಹಳದಿ ಬಣ್ಣದ್ದು.

ನೆರೆಯವನ ಮರವು ಮನೆಯ ಮೇಲೆ ಬೀಳುವಂತಿದ್ದು ಅವನು ತೆಗೆಯದಿದ್ದರೆ, ಜಗಳಕ್ಕಿಳಿಯದೆ ತಹಶೀಲದಾರರಿಗೆ ಅರ್ಜಿ ಕೊಡಬೇಕು. ಅಪಾಯದ ಮರವನ್ನು ತೆಗೆಯಿಸುವ ಇಲ್ಲವೆ ಆಧಾರ ಕೊಡಿಸುವ ಅಧಿಕಾರವು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಉಂಟು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯನ್ನು ಯಾರೂ ತಾವೇ ಮುಟ್ಟದೆ ಹೆಸ್ಕಾಂ ಕಚೇರಿಗೆ ತಿಳಿಸತಕ್ಕದ್ದು.

ಕಾಯಿದೆ ಅನುಕೂಲವಾಗಿದ್ದರೂ ಕಡಿಯುವ ರೀತಿ ತಪ್ಪಿದರೆ ದುಡಿಮೆ ವ್ಯರ್ಥ. ಮೊಣಕಾಲೆತ್ತರಕ್ಕೆ ಕೊಡಲಿಯಿಂದ ಕಡಿದ ಬೊಡ್ಡೆಯಿಂದ ಹತ್ತಾರು ಚಿಗುರು ಹೊರಟು, ಒಂದು ಗಿಡವಿದ್ದಲ್ಲಿ ಪೊದೆಯಾಗುತ್ತದೆ. ಬುಡದ ಸುತ್ತ ಅಗೆದು, ಚಿಗುರುವ ಭಾಗವೆಲ್ಲ ಹೋಗುವಂತೆ ನೆಲದೊಳಗಿನಿಂದ ಬೊಡ್ಡೆಸಹಿತ ಕೀಳಬೇಕು. ಎಳೆಯ ಸಸಿಗಳನ್ನು ಮಳೆಯಿಂದ ನೆಲ ಮೆತ್ತಗಿರುವಾಗ ಬೇರುಸಹಿತ ಕಿತ್ತರೆ ಕೆಲಸ ಹಗುರ. ಕಾಯಿ ಮಾಗುವದಕ್ಕೆ ಮುಂಚೆಯೇ ಈ ಕೆಲಸ ಮುಗಿಯಬೇಕು. ಏಕೆಂದರೆ ದನಕುರಿಗಳು ಕಾಯಿ ತಿಂದರೆ ಬೀಜವು ಸಾಯದೆ ಸಗಣಿಯೊಡನೆ ಹೊಲಕ್ಕೆ ಸೇರುತ್ತದೆ. ಕಿತ್ತ ಸ್ಥಳವನ್ನು ಬರಿದಾಗಿ ಬಿಡದೆ ಬೇವು, ಹೊಂಗೆಗಳನ್ನು ಮನೆಯಿಂದ ತಕ್ಕ ದೂರದಲ್ಲಿ ನೆಡುವದು ಲೇಸು.

ಒಬ್ಬನೇ ಕಿತ್ತು ನೆರೆಯವನು ಬಿಟ್ಟರೆ ಬೀಜವು ಬಾಂದು ದಾಟಿ ಮರಳಿ ಬರುವದು. ಆದುದರಿಂದ ಊರ ಹಿರಿಯರು ಗ್ರಾಮಸಭೆಯಲ್ಲಿ ಒಂದು ದಿನ ಗೊತ್ತುಪಡಿಸಿ, ಓಣಿ ಓಣಿಯಾಗಿ ಎಲ್ಲರೂ ಕೂಡಿ ಕೀಳುವಂತೆ ಮಾಡಬೇಕು. ಮರುವರ್ಷ ಮಳೆಯ ತರುವಾಯ ಅದೇ ಸ್ಥಳಗಳನ್ನು ಮತ್ತೊಮ್ಮೆ ತಿರುಗಿ ನೋಡಿದರೆ ಮಾತ್ರ ಕೆಲಸ ಪೂರ್ತಿಯಾದಂತೆ.