ಮೂಕಪ್ರಾಣಿಯ ಬೇನೆ

ಮನುಷ್ಯನು ತನ್ನ ಬೇನೆಯನ್ನು ನುಡಿದು ತಿಳಿಸಬಲ್ಲನು. ಮೂಕಪ್ರಾಣಿಯು ಮೇವು ಬಿಟ್ಟು, ಮೆಲುಕು ನಿಲ್ಲಿಸಿ ತಿಳಿಸುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳನ್ನೊಳಗೊಂಡ ಹಾವೇರಿ ಜಿಲ್ಲೆಗೆ 2022ರಲ್ಲಿ ಚರ್ಮಗಂಟು ರೋಗವು ಬಂದೆರಗಿದಾಗ ಈ ಮೂಕಭಾಷೆಯ ಅರಿವು ಒಕ್ಕಲಿಗನಿಗೆ ಅತ್ಯಗತ್ಯವಾಯಿತು. ನಿನ್ನೆ ಗಳೆ ಎಳೆದ ಎತ್ತು ಇಂದು ಜ್ವರದಿಂದ ಬಳಲುವುದು, ಮೈತುಂಬ ಗಂಟುಗಳೇಳುವುವು, ಕಾಲು ಬಾಯುವುದು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ವಿಷಾಣುರೋಗವು ಮನುಷ್ಯರಿಗೆ ತಗುಲದು. ಆದುದರಿಂದ ಅಂಜಿ ದೂರ ಸರಿಯಬೇಕಾಗಿಲ್ಲ.

ಬೇನೆಬಿದ್ದ ದನವನ್ನು ಕೂಡಲೆ ಬೇರೆ ಕಟ್ಟಬೇಕು, ಪಶುವೈದ್ಯರನ್ನು ಕರೆತರಬೇಕು, ಬೇವಿನ ಹೊಗೆ ಹಾಕಿ ನೊಣಗಳನ್ನು ಓಡಿಸಬೇಕು, ಹಸಿಮೇವು, ನೀರು, ಗಂಜಿಗಳನ್ನು ಮುಂದಿರಿಸಬೇಕು. ಗೊಟ್ಟದಿಂದ ಬಲವಂತವಾಗಿ ಕುಡಿಸಲಾಗದು, ಶ್ವಾಸನಾಳಕ್ಕಿಳಿದರೆ ಪ್ರಾಣಾಪಾಯ. ಆರೋಗ್ಯವುಳ್ಳ ದನಗಳಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸುವುದು ಲೇಸು.

ಇಷ್ಟಾದರೂ ಕೆಲವು ಬದುಕಲಾರವು. ಆಗ ಅಳುವ ಮಗುವಿಗೆ ‘ಬೇರೆ ಕರು ತರೋಣ’ ಎನ್ನದೆ, ಅದರ ಆರೈಕೆಯಲ್ಲಿ ಆ ಮಗುವಿನ ಪಾಲೂ ಇತ್ತೆಂಬುದನ್ನು ತಿಳಿಹೇಳುವುದು ಹಿರಿಯರ ಕರ್ತವ್ಯ. ಬೆಳಗು ಬೈಗು ಗೋದಲಿಯನ್ನು ನೋಡಿ ಬರುವ ರೂಢಿಯನ್ನು ಶಿಕ್ಷಕರು ಮಕ್ಕಳಿಗೆ ಕಲಿಸಲಿ; ಉಳಿದ ಮೇವೇ ಬೇನೆಯ ಮೊದಲ ಸೂಚನೆ.