ಮತ್ತೆ ಬೈಕ್ ಹತ್ತುವ ಮುನ್ನ: ಮೊದಲ ವರ್ಷದ ಲೆಕ್ಕ

ಮನೆ ಸಾಲ ಒಂದು ಹದಕ್ಕೆ ಬಂದು, ಮಕ್ಕಳು ತಾವಾಗಿಯೇ ಸ್ಕೂಲಿಗೆ ಹೋಗಿಬರುವಂತಾದಾಗ ಗ್ಲೆನ್ ವೇವರ್ಲಿಯ ನಮ್ಮವರಲ್ಲಿ ಹಲವರಿಗೆ ಬೈಕ್ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಸ್ಪ್ಲೆಂಡರ್ ಓಡಿಸಿದವರು, ಮೈಸೂರಿನಲ್ಲಿ ಅಪ್ಪನ ಯೆಜ್ಡಿಯಲ್ಲಿ ಕಲಿತವರು, ಹದಿನೈದು ವರ್ಷ ಕಾರಿನಲ್ಲೇ ಕಳೆದ ಮೇಲೆ ಕೇಳುವ ಪ್ರಶ್ನೆ ಒಂದೇ: ಯಾವ ಬೈಕ್ ತಗೊಳ್ಳಲಿ?

ನನ್ನ ಉತ್ತರ: ಕನಸಿನ ಬೈಕ್ ಎರಡನೆಯದಾಗಿರಲಿ. ಮೊದಲನೆಯದನ್ನು ಒಂದು ವರ್ಷದ ಮಟ್ಟಿಗೆ, ಮಾರುವ ಉದ್ದೇಶದಿಂದಲೇ ಕೊಳ್ಳಿ. ಕಾರಣಗಳನ್ನು ಒಂದೊಂದಾಗಿ ನೋಡೋಣ.

1. ಲೈಸೆನ್ಸ್ ಎಷ್ಟು ಬಿಡುತ್ತದೆ?

ವಿಕ್ಟೋರಿಯಾದಲ್ಲಿ ಕಾರಿನ ಲೈಸೆನ್ಸ್ ಇದ್ದರೂ ಬೈಕಿಗೆ ಬೇರೆ ಲೈಸೆನ್ಸ್ ಬೇಕು. ಎರಡು ದಿನದ ತರಬೇತಿ ಮುಗಿಸಿ ಲರ್ನರ್ ಪರ್ಮಿಟ್, ರಸ್ತೆಯಲ್ಲಿ ಒಂದು ಚೆಕ್ ರೈಡ್, ಕನಿಷ್ಠ 3 ತಿಂಗಳ ನಂತರ ಲೈಸೆನ್ಸ್ ಪರೀಕ್ಷೆ. ಪರ್ಮಿಟ್ 15 ತಿಂಗಳು ನಡೆಯುತ್ತದೆ. ಲೈಸೆನ್ಸ್ ಬಂದ ಮೇಲೂ ಮೊದಲ 3 ವರ್ಷ 'ಲ್ಯಾಮ್ಸ್' ಪಟ್ಟಿಯ ಬೈಕುಗಳನ್ನೇ ಓಡಿಸಬೇಕು: ಎಂಜಿನ್ 660 ಸಿಸಿ ಮೀರಬಾರದು, ಶಕ್ತಿ ಪ್ರತಿ ಟನ್ ತೂಕಕ್ಕೆ 150 ಕಿಲೋವ್ಯಾಟ್ ದಾಟಬಾರದು. ಆ ಮೂರು ವರ್ಷ ಹಿಂದೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಹೆಂಡತಿಯ ಜೊತೆ ಡ್ಯಾಂಡೆನಾಂಗ್ ಬೆಟ್ಟ ಸುತ್ತುವ ಆಸೆಯಿಂದ ದೊಡ್ಡ ಸೀಟಿನ ಬೈಕ್ ನೋಡುತ್ತಿದ್ದರೆ ಈಗಲೇ ಬೇಡ. ಸಿಡ್ನಿಯ ಓದುಗರಿಗೂ ಲ್ಯಾಮ್ಸ್ ಮಿತಿ ಇದೇ. ಲೈಸೆನ್ಸ್ ಹಂತಗಳು ಮಾತ್ರ ಬೇರೆ.

2. ಮೈ ಏನು ಮರೆತಿದೆ?

ಸ್ಪ್ಲೆಂಡರ್ ಸುಮಾರು 110 ಕೆಜಿ. ರಾಯಲ್ ಎನ್‌ಫೀಲ್ಡ್ ಹಂಟರ್ 350 ಸುಮಾರು 181 ಕೆಜಿ, ಕ್ಲಾಸಿಕ್ 350 ಸುಮಾರು 195 ಕೆಜಿ. ಇಂಟರ್‌ಸೆಪ್ಟರ್ 650 ಲ್ಯಾಮ್ಸ್ ಪಟ್ಟಿಯಲ್ಲಿದ್ದರೂ 200 ಕೆಜಿ ದಾಟುತ್ತದೆ. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ. ಇಳಿಜಾರಿನ ಡ್ರೈವ್‌ವೇಯಲ್ಲಿ ತಿರುಗಿಸುವಾಗ, ಸಿಗ್ನಲ್ಲಿನಲ್ಲಿ ಕಾಲೂರುವಾಗ ಗೊತ್ತಾಗುತ್ತದೆ. ಎರಡೂ ಪಾದ ನೆಲಕ್ಕೆ ಚೆನ್ನಾಗಿ ತಾಗುವ ಬೈಕನ್ನೇ ನೋಡಿ.

ಅಭ್ಯಾಸವೂ ಮೋಸ ಮಾಡುತ್ತದೆ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರು ಕೆಳಕ್ಕೆ. ಇಲ್ಲಿ ಮೊದಲನೆಯದು ಮಾತ್ರ ಕೆಳಕ್ಕೆ, ಉಳಿದವು ಮೇಲಕ್ಕೆ. ಹಳೇ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗ ಅದು ತಲೆಕೆಳಗು. ಗಾಬರಿಯಾದಾಗ ಕಾಲು ಹಳೆಯದನ್ನೇ ಹುಡುಕುತ್ತದೆ. ಹಾಗಾಗಿ ಈಗಾಗಲೇ ಇಲ್ಲಿನ ಬೈಕ್ ಲೈಸೆನ್ಸ್ ಇದ್ದರೂ ಒಂದು ರಿಫ್ರೆಶರ್ ತರಬೇತಿ ಮಾಡಿಸಿ.

ಎಬಿಎಸ್ ವಿಷಯದಲ್ಲಿ ರಾಜಿ ಬೇಡ. ನಮ್ಮ ಪಕ್ಕದ ಕ್ಲೇಟನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರ 2015ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಬ್ರೇಕಿಗೆ ಸಂಬಂಧಿಸಿದ ಗಾಯದ ಅಪಘಾತಗಳನ್ನು ಎಬಿಎಸ್ ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2021ರ ನವೆಂಬರ್‌ನಿಂದ ಇದು ಕಡ್ಡಾಯ. ಅದಕ್ಕಿಂತ ಹಳೆಯದನ್ನು ಕೊಳ್ಳುವಾಗ ಇದೆಯೇ ಎಂದು ಕೇಳಿ.

3. ಬೈಕಿನ ನಿಜವಾದ ಬೆಲೆ

ಬೈಕಿನ ಖರ್ಚೆಂದರೆ ಕೊಂಡ ಬೆಲೆಯಲ್ಲ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ. ಒಂದು ಕಾಲ್ಪನಿಕ ಲೆಕ್ಕ ನೋಡಿ. 14,000 ಡಾಲರಿನ ಹೊಸ ಬೈಕ್ ವರ್ಷದ ನಂತರ 10,500ಕ್ಕೆ ಹೋದರೆ ಹೋದದ್ದು 3,500. 6,000ದ ಹಳೇ ಬೈಕ್ 5,000ಕ್ಕೆ ಹೋದರೆ ಹೋದದ್ದು 1,000. ಉಳಿದ 2,500ರಲ್ಲಿ ಹೆಲ್ಮೆಟ್, ಜಾಕೆಟ್, ಪ್ಯಾಂಟ್, ಕೈಗವಸು, ಬೂಟು, ತರಬೇತಿ ಎಲ್ಲ ಬರುತ್ತದೆ. ನಿಲ್ಲಿಸಿದ್ದಾಗ ಒಮ್ಮೆ ಉರುಳಿಬಿದ್ದರೂ ಹಳೇ ಬೈಕಿನ ಗೀರು ಅಷ್ಟು ನೋಯಿಸುವುದಿಲ್ಲ.

ಉಡುಪು ಕೊಳ್ಳುವ ಮೊದಲು ಮೋಟೋಕ್ಯಾಪ್ ತಾಣದಲ್ಲಿ ನಕ್ಷತ್ರಗಳ ರೇಟಿಂಗ್ ನೋಡಿ. ಬೆಲೆ ಹೆಚ್ಚಾದ ಮಾತ್ರಕ್ಕೆ ರಕ್ಷಣೆ ಹೆಚ್ಚಲ್ಲ. ಊರಿನಿಂದ ತಂದ ಐಎಸ್‌ಐ ಹೆಲ್ಮೆಟ್ ಇಲ್ಲಿ ನಡೆಯುವುದಿಲ್ಲ.

4. ವಿಮೆ: ಓದದೇ ಬಿಡುವ ಭಾಗ

ವಿಕ್ಟೋರಿಯಾದಲ್ಲಿ ರಿಜಿಸ್ಟ್ರೇಷನ್ ಜೊತೆಗೇ ಟಿಎಸಿ ಶುಲ್ಕ ಕಟ್ಟುತ್ತೇವೆ. ಬೈಕಿಗೆ ಇದು ಎಂಜಿನ್ ಗಾತ್ರದ ಮೇಲೆ ನಿಂತಿದೆ. 500 ಸಿಸಿ ದಾಟಿದರೆ ಬೇರೆ ದರ. ಹಂಟರ್ 350 ಈಚೆ, ಇಂಟರ್‌ಸೆಪ್ಟರ್ 650 ಆಚೆ. ತಪ್ಪು ಯಾರದೇ ಇರಲಿ, ಗಾಯವಾದರೆ ಚಿಕಿತ್ಸೆಯ ವೆಚ್ಚವನ್ನು ಟಿಎಸಿ ನೋಡಿಕೊಳ್ಳುತ್ತದೆ. ನಿಮ್ಮ ಬೈಕಿನ ಅಥವಾ ಎದುರಿನವರ ಕಾರಿನ ರಿಪೇರಿ ಅದಕ್ಕೆ ಸೇರುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು.

ನಮ್ಮಂಥ ಸಂಬಳದಾರರಿಗೆ ಮುಖ್ಯವಾದದ್ದು ಇನ್ನೊಂದು. ಕೆಲಸಕ್ಕೆ ಹೋಗಲಾಗದಿದ್ದರೆ ಟಿಎಸಿ ಮೊದಲ 18 ತಿಂಗಳು ಆದಾಯದ ಒಂದು ಭಾಗ ಕೊಡುತ್ತದೆ, ಆದರೆ ಅದಕ್ಕೆ ವಾರದ ಮೇಲ್ಮಿತಿ ಇದೆ. ಒಳ್ಳೆಯ ಸಂಬಳ, ದೊಡ್ಡ ಕಂತು ಇರುವವರಿಗೆ ಆ ಮೊತ್ತ ಸಾಲದೇ ಹೋಗಬಹುದು. ಬೈಕ್ ನೋಡಲು ಹೋಗುವ ಮುನ್ನ ನಿಮ್ಮ ಇನ್‌ಕಮ್ ಪ್ರೊಟೆಕ್ಷನ್ ಮತ್ತು ಸೂಪರ್ ಖಾತೆಯ ಜೀವವಿಮೆಯ ಷರತ್ತು ಓದಿ: ಬೈಕಿಗೆ ಹೊರಗಿಡುವಿಕೆ ಇದೆಯೇ, ಹಣ ಬರಲು ಎಷ್ಟು ದಿನ ಕಾಯಬೇಕು, ಆ ದಿನಗಳ ಕಂತು ಎಲ್ಲಿಂದ? ಆ ಕಾಯುವ ಅವಧಿಗೆ ಸಾಕಾಗುವ ತುರ್ತುನಿಧಿ ಇಲ್ಲದಿದ್ದರೆ ಬೈಕ್ ಆರು ತಿಂಗಳು ಕಾಯಲಿ.

5. ಹಳೇ ಬೈಕ್ ಕೊಳ್ಳುವಾಗ

- ಪಿಪಿಎಸ್‌ಆರ್ ಹುಡುಕಾಟಕ್ಕೆ 2 ಡಾಲರ್. ಬೈಕಿನ ಮೇಲೆ ಸಾಲ ಬಾಕಿ ಇದೆಯೇ, ಕದ್ದದ್ದೆಂದು ದಾಖಲಾಗಿದೆಯೇ ತಿಳಿಯುತ್ತದೆ.
- ರಿಜಿಸ್ಟ್ರೇಷನ್ ಸಮೇತ ಮಾರುವವರಿಂದ ರೋಡ್‌ವರ್ದಿ ಸರ್ಟಿಫಿಕೇಟ್ ಕೇಳಿ ಪಡೆಯಿರಿ.
- ಟೈರಿನ ಮೇಲಿನ ನಾಲ್ಕು ಅಂಕೆ ಓದಿ. 2319 ಅಂದರೆ 2019ರ 23ನೇ ವಾರ. ಎಳೆ ಚೆನ್ನಾಗಿ ಕಂಡರೂ ಅಷ್ಟು ಹಳೇ ಟೈರಿನ ಬೆಲೆ ಕಳೆದು ಚೌಕಾಸಿ ಮಾಡಿ.
- ವರ್ಗಾವಣೆ ಶುಲ್ಕ, ಸ್ಟ್ಯಾಂಪ್ ಡ್ಯೂಟಿ ಬಜೆಟ್ಟಿನಲ್ಲೇ ಇರಲಿ.

ಮೊದಲ ಕೆಲವು ವಾರ ಭಾನುವಾರ ಬೆಳಿಗ್ಗೆ ಒಳರಸ್ತೆಗಳಲ್ಲಿ ಓಡಿಸಿ. ಸ್ಪ್ರಿಂಗ್‌ವೇಲ್ ರೋಡ್ ಆಮೇಲೆ, ಮೊನಾಶ್ ಫ್ರೀವೇ ಅದಕ್ಕೂ ಆಮೇಲೆ. ವರ್ಷ ಕಳೆದ ಮೇಲೆ ಓಡಿದ ಕಿಲೋಮೀಟರ್ ನೋಡಿ. ವಾರಕ್ಕೊಮ್ಮೆಯಾದರೂ ಓಡಿಸಿದ್ದರೆ ನಿಮಗೆ ಬೇಕಾದ ಬೈಕ್ ಯಾವುದೆಂದು ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತದೆ. ಗ್ಯಾರೇಜಿನಲ್ಲೇ ನಿಂತಿದ್ದರೆ, ಸಾವಿರ ಡಾಲರಿನಲ್ಲಿ ಆಸೆ ತೀರಿತು ಅಂದುಕೊಂಡು ಮಾರಿಬಿಡಿ.