ಹೋಟೆಲ್ ಲಾಬಿಯಲ್ಲಿ ಸ್ವಯಂಸೇವಾ ಯಂತ್ರ: ಹೂಡಿಕೆಗೆ ಮುನ್ನ ಒಂದು ಪರಿಶೀಲನೆ

ಬ್ಯಾಂಕಿನ ಎ.ಟಿ.ಎಂ. ಹಾಗೂ ವಿಮಾನ ನಿಲ್ದಾಣದ ಬೋರ್ಡಿಂಗ್ ಪಾಸ್ ಯಂತ್ರಗಳಿಗೆ ಒಗ್ಗಿಕೊಂಡ ಗ್ರಾಹಕನು ಹೋಟೆಲಿನ ಲಾಬಿಯಲ್ಲಿಯೂ ಅಂತಹುದೇ ಸೌಲಭ್ಯವನ್ನು ಅಪೇಕ್ಷಿಸತೊಡಗಿದ್ದಾನೆ. ಇದರಿಂದ ಸಿಬ್ಬಂದಿ ವೆಚ್ಚ ಇಳಿಯುವುದೆಂಬುದು ಯಂತ್ರ ಮಾರಾಟಗಾರರ ವಾದ. ಈ ವಾದ ಎಲ್ಲ ಹೋಟೆಲುಗಳಿಗೂ ಅನ್ವಯಿಸುವುದೇ ಎಂಬುದನ್ನು ಬಂಡವಾಳ ತೊಡಗಿಸುವ ಮುನ್ನವೇ ಪರಿಶೀಲಿಸುವುದು ಅವಶ್ಯಕ.

ಕಾರ್ಯವಿಧಾನ

ಯಂತ್ರವು ನಿರ್ವಹಿಸುವ ಕೆಲಸಗಳು ನಾಲ್ಕು: ಮುಂಗಡ ಕಾಯ್ದಿರಿಸಿದ ಅತಿಥಿಯನ್ನು ಗುರುತಿಸುವುದು, ಗುರುತಿನ ಚೀಟಿಯನ್ನು ದಾಖಲಿಸುವುದು, ಹಣ ಸ್ವೀಕರಿಸುವುದು ಮತ್ತು ಕೀಲಿಕಾರ್ಡನ್ನು ಸಿದ್ಧಪಡಿಸಿ ಕೊಡುವುದು. ಇದಕ್ಕಾಗಿ ಯಂತ್ರವು ಕೊಠಡಿ ನಿರ್ವಹಣೆಯ ತಂತ್ರಾಂಶದೊಂದಿಗೂ ಬಾಗಿಲುಗಳ ಎಲೆಕ್ಟ್ರಾನಿಕ್ ಬೀಗಗಳೊಂದಿಗೂ ಹೊಂದಿಕೊಳ್ಳಬೇಕು. ಲೋಹದ ಕೀಲಿ ಹಾಗೂ ಕೈಬರಹದ ರಿಜಿಸ್ಟರನ್ನು ಅವಲಂಬಿಸಿರುವ ಲಾಡ್ಜಿಗೆ ಯಂತ್ರದ ಬೆಲೆಯ ಜೊತೆಗೆ ಬೀಗ ಮತ್ತು ತಂತ್ರಾಂಶಗಳ ವೆಚ್ಚವೂ ಬೀಳುತ್ತದೆ.

ಎರಡು ಅನುಭವಗಳು

ಫ್ರಾನ್ಸಿನಲ್ಲಿ 1985ರಲ್ಲಿ ಆರಂಭವಾದ ಫಾರ್ಮುಲ್ 1 ಅಗ್ಗದ ಹೋಟೆಲುಗಳಲ್ಲಿ ಕೌಂಟರ್ ಮುಚ್ಚಿದ ವೇಳೆಯಲ್ಲಿ ಬಂದವರು ಬಾಗಿಲ ಬಳಿಯ ಯಂತ್ರಕ್ಕೆ ಕ್ರೆಡಿಟ್ ಕಾರ್ಡ್ ಹಾಕಿ ಕೊಠಡಿ ಪಡೆಯುವ ವ್ಯವಸ್ಥೆಯಿತ್ತು. ಯಂತ್ರಕ್ಕೆ ವಹಿಸಿದ್ದು ಒಂದೇ ಕೆಲಸ, ಅದೂ ಸಿಬ್ಬಂದಿಯಿಲ್ಲದ ಹೊತ್ತಿಗೆ.

ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ 2015ರಲ್ಲಿ ತೆರೆದ ಹೆನ್ ನಾ ಹೋಟೆಲಿನಲ್ಲಿ ಡೈನೋಸಾರ್ ಆಕಾರದ ರೋಬೋಟುಗಳೇ ಅತಿಥಿಗಳನ್ನು ಸ್ವಾಗತಿಸುತ್ತಿದ್ದವು. ಕೊಠಡಿಯಲ್ಲಿಟ್ಟ ಗೊಂಬೆಯು ಅತಿಥಿಯ ಗೊರಕೆಯನ್ನೇ ಪ್ರಶ್ನೆಯೆಂದು ಭಾವಿಸಿ ಅವನನ್ನು ಎಬ್ಬಿಸುತ್ತಿತ್ತು. ಕೆಟ್ಟ ಯಂತ್ರಗಳನ್ನು ಸರಿಪಡಿಸುವುದೇ ಸಿಬ್ಬಂದಿಗೆ ಹೆಚ್ಚುವರಿ ಕೆಲಸವಾಯಿತು. 243 ರೋಬೋಟುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೈಬಿಡಲಾಗಿದೆಯೆಂದು 2019ರಲ್ಲಿ ವರದಿಯಾಯಿತು.

ಲೆಕ್ಕಾಚಾರ

30 ಕೊಠಡಿಗಳ ಲಾಡ್ಜೊಂದಕ್ಕೆ ದಿನಕ್ಕೆ 20 ಮಂದಿ ಬರುವರೆಂದೂ ಒಬ್ಬರ ದಾಖಲಾತಿಗೆ 6 ನಿಮಿಷ ಬೇಕೆಂದೂ ಇಟ್ಟುಕೊಳ್ಳೋಣ. ಒಟ್ಟು ಕೆಲಸ 2 ಗಂಟೆ. ದೂರವಾಣಿ, ಸಾಮಾನು ಸರಂಜಾಮು, ರಾತ್ರಿಯ ಕಾವಲಿಗಾಗಿ ಗುಮಾಸ್ತನಂತೂ ಇರಲೇಬೇಕಾದುದರಿಂದ ಅವನ ಸಂಬಳ ಉಳಿಯದು. ದೊಡ್ಡ ಹೋಟೆಲಿಗೆ ಮಧ್ಯಾಹ್ನ 12ರಿಂದ 2ರೊಳಗೆ 140 ಮಂದಿ ಬಂದರೆ ಕೆಲಸ 14 ಗಂಟೆಯಷ್ಟಾಗಿ, ಕೌಂಟರಿನಲ್ಲಿ 7 ಮಂದಿ ಬೇಕಾಗುತ್ತಾರೆ. ಯಂತ್ರದ ನಿಜವಾದ ಉಪಯೋಗ ಇಂತಹ ನೂಕುನುಗ್ಗಲಿನ ವೇಳೆಯಲ್ಲಿ. ಆದ್ದರಿಂದ ಒಂದು ವಾರ ಕಾಲ ಗಂಟೆಗೆ ಎಷ್ಟು ಮಂದಿ ಬರುವರೆಂಬುದನ್ನು ಬರೆದಿಡುವುದು ಮೊದಲ ಹೆಜ್ಜೆ.

ತೆರಿಗೆ ಮತ್ತು ಕಾನೂನು

ದಿನಕ್ಕೆ 7,500 ರೂಪಾಯಿ ಮೀರದ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ರ ಜಿ.ಎಸ್.ಟಿ. ಅನ್ವಯವಾಗುತ್ತಿದ್ದು, ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಇಂತಹ ಕೊಠಡಿಗಳನ್ನಷ್ಟೇ ಹೊಂದಿರುವ ಹೋಟೆಲಿಗೆ ಯಂತ್ರದ ಮೇಲೆ ತೆತ್ತ ತೆರಿಗೆ ಮರಳಿ ಬಾರದು. ಅದನ್ನು ವೆಚ್ಚದಲ್ಲಿಯೇ ಸೇರಿಸಿಕೊಳ್ಳಬೇಕು.

ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ವಿವರ ಸಲ್ಲಿಸುವ ಹೊಣೆ ಮಾಲೀಕರದು. ಯಂತ್ರವು ಪಾಸ್‌ಪೋರ್ಟಿನ ಪ್ರತಿ ತೆಗೆದುಕೊಂಡ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ. ಗುರುತಿನ ಚೀಟಿಗಳ ಪ್ರತಿಗಳನ್ನು ಎಲ್ಲಿ, ಎಷ್ಟು ಕಾಲ ಇಡಲಾಗುವುದೆಂಬುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದ ಖರೀದಿ ಕರಾರಿನಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಲೇಸು.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಯಂತ್ರವೆಂದರೆ ತಗಡಿನ ಪೆಟ್ಟಿಗೆ, ಸ್ಪರ್ಶ ಪರದೆ, ರಸೀದಿ ಮುದ್ರಕ, ಕಾರ್ಡ್ ಉಪಕರಣ ಹಾಗೂ ಯು.ಪಿ.ಎಸ್.ಗಳ ಜೋಡಣೆ. ಪೆಟ್ಟಿಗೆಯ ತಯಾರಿಕೆ, ಪೌಡರ್ ಕೋಟಿಂಗ್, ವೈರಿಂಗ್ ಮತ್ತು ದುರಸ್ತಿ ಸೇವೆಗಳು ಸಣ್ಣ ಘಟಕಗಳ ಕೈಗೆಟುಕುವಂತಹವು. ಪರದೆಯಲ್ಲಿ ಕನ್ನಡದ ಆಯ್ಕೆ, ಯು.ಪಿ.ಐ. ಪಾವತಿ, ವಿದ್ಯುತ್ ಹೋದಾಗಲೂ ನಡೆಯುವ ವ್ಯವಸ್ಥೆ ಇವುಗಳನ್ನು ಒದಗಿಸಬಲ್ಲ ಸ್ಥಳೀಯ ತಯಾರಕನಿಗೆ ಹೊರಗಿನವರಿಗಿಂತ ಅನುಕೂಲ ಹೆಚ್ಚು.

ಯಂತ್ರವಿದ್ದರೂ ಅದರ ಬಳಿ ಒಬ್ಬರು ನಿಂತಿರಬೇಕು. ವಯಸ್ಸಾದವರಿಗೆ, ಮೊದಲ ಬಾರಿ ಬಂದವರಿಗೆ ಮನುಷ್ಯರ ನೆರವೇ ಆತಿಥ್ಯ. ಕೌಂಟರಿನ ಮುಂದಿನ ಸಾಲನ್ನು ಯಂತ್ರವು ಕರಗಿಸಿ, ಗುಮಾಸ್ತನಿಗೆ ಅತಿಥಿಯೊಡನೆ ಮಾತಾಡಲು ಬಿಡುವು ದೊರಕಿಸಿದರೆ ಹೂಡಿದ ಹಣ ಸಾರ್ಥಕವಾದೀತು.